ಕನ್ನಡ ಶಾಲೆಗೆ ಕಳುಹಿಸಿದರೆ ಕೆಲಸ ಸಿಕ್ಕೀತೇ?

ಗಡಿನಾಡಿನ ಹೆತ್ತವರೇ,

ಬೇಸಗೆ ರಜೆ ಬಂತೆಂದರೆ ನಿಮ್ಮಲ್ಲಿ ಹಲವರು ನನ್ನಲ್ಲಿ ಕೇಳುವ ಪ್ರಶ್ನೆ ಒಂದೇ. ಮಗುವನ್ನು ಕನ್ನಡ ಮಾಧ್ಯಮಕ್ಕೆ ಸೇರಿಸಿದರೆ ನಾಳೆ ಅದಕ್ಕೊಂದು ಉದ್ಯೋಗ ದೊರೆತೀತೇ? ವೇದಿಕೆಯಲ್ಲಿ ನಿಂತವರು ಇದಕ್ಕೆ ಅಭಿಮಾನದಿಂದ ಉತ್ತರಿಸುತ್ತಾರೆ. ನೆರೆಹೊರೆಯವರು ಭಯದಿಂದ ಉತ್ತರಿಸುತ್ತಾರೆ. ನನಗೆ ಗೊತ್ತಿರುವುದು ನನ್ನ ಮೊದಲ ಕೆಲಸದ ಕಥೆ ಮಾತ್ರ. ಅದನ್ನೇ ನಿಮ್ಮ ಮುಂದಿಡುತ್ತೇನೆ.

ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಸುಪಾಸಿನವಳು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ. ಒಂದರಿಂದ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲೇ ಓದಿದೆ. 2009ರಲ್ಲಿ ಬಿ.ಕಾಂ. ಮುಗಿಸಿದೆ. ಆ ವರ್ಷವನ್ನು ನೆನಪಿಸಿಕೊಳ್ಳಿ. ಹಿಂದಿನ ಸೆಪ್ಟೆಂಬರಿನಲ್ಲಿ ಅಮೆರಿಕದ ಲೇಹ್ಮನ್ ಬ್ರದರ್ಸ್ ಬ್ಯಾಂಕು ಕುಸಿದಿತ್ತು. ಅದರ ಬಿಸಿ ನಮ್ಮೂರಿಗೆ ತಟ್ಟಿದ್ದು ಕೊಲ್ಲಿಯ ದಾರಿಯಾಗಿ. ದುಬಾಯಿಯಲ್ಲಿ ಕಟ್ಟಡ ಕಾಮಗಾರಿಗಳು ಅರ್ಧಕ್ಕೆ ನಿಂತವು. ನನ್ನ ಅಣ್ಣ ಎರಡು ಪೆಟ್ಟಿಗೆ ಹಿಡಿದು ಮನೆಗೆ ಮರಳಿದ. ಅವನು ಕಳುಹಿಸುತ್ತಿದ್ದ ಹಣದಲ್ಲೇ ನನ್ನ ಕಾಲೇಜು ಸಾಗಿತ್ತು. ಇನ್ನು ನನ್ನ ದುಡಿಮೆಯೇ ಮನೆಗೆ ಬೇಕಾಯಿತು.

ಮೊದಲು ಹೋದದ್ದು ಮಂಗಳೂರಿಗೆ. ಕಾಸರಗೋಡಿನಿಂದ ಸುಮಾರು ಐವತ್ತು ಕಿಲೋಮೀಟರ್. ತಲಪಾಡಿ ದಾಟಿದೊಡನೆ ಅಂಗಡಿಗಳ ಫಲಕಗಳೆಲ್ಲ ಕನ್ನಡವಾಗುತ್ತವೆ. ನನ್ನೂರಿಗೇ ಬಂದೆನೆಂಬ ಧೈರ್ಯ ಮೂಡುತ್ತಿತ್ತು. ಸಂದರ್ಶನದ ಕೋಣೆಯಲ್ಲಿ ಆ ಧೈರ್ಯ ಉಳಿಯುತ್ತಿರಲಿಲ್ಲ. ಒಂದು ಕಚೇರಿಯಲ್ಲಿ ನನ್ನ ಬಗ್ಗೆ ಇಂಗ್ಲಿಷಿನಲ್ಲಿ ಎರಡು ನಿಮಿಷ ಮಾತನಾಡಲು ಹೇಳಿದರು. ಹೆಸರು, ಊರು, ಪದವಿ ಹೇಳಿ ನಿಂತುಬಿಟ್ಟೆ. ಇನ್ನೊಂದು ಕಡೆ ವಿಳಾಸ ನೋಡಿದವರು, “ಕೇರಳದಿಂದ ದಿನಾ ಹೋಗಿ ಬರುವವರು ಹೆಚ್ಚು ಕಾಲ ನಿಲ್ಲುವುದಿಲ್ಲಮ್ಮಾ” ಎಂದರು.

ಹಾಗಾದರೆ ಕೇರಳದಲ್ಲೇ ನೋಡೋಣವೆಂದು ಕಾಸರಗೋಡು ಪೇಟೆಗೆ ತಿರುಗಿದೆ. ಸಾಲ ಕೊಡುವ ಒಂದು ಸಂಸ್ಥೆಯಲ್ಲಿ ವ್ಯವಸ್ಥಾಪಕರು ಮಲಯಾಳದಲ್ಲಿ ಮಾತನಾಡಿಸಿದರು. ನಾನು ಸರಾಗವಾಗಿ ಉತ್ತರಿಸಿದೆ. ಅವರಿಗೆ ಸಂತೋಷವಾಗಿ ಮೇಜಿನ ಮೇಲಿದ್ದ ಪತ್ರವೊಂದನ್ನು ಎತ್ತಿ, ಓದಿ ಸಾರಾಂಶ ಹೇಳು ಎಂದರು. ನನಗೆ ಒಂದಕ್ಷರವೂ ತಿಳಿಯಲಿಲ್ಲ. ನಮ್ಮ ಶಾಲೆಯಲ್ಲಿ ಮಲಯಾಳ ಕಲಿಸುತ್ತಿರಲಿಲ್ಲ. ಕಲಿಯಬೇಕೆಂದು ನನಗೂ ಅನ್ನಿಸಿರಲಿಲ್ಲ. ಪದವಿ ಪ್ರಮಾಣಪತ್ರವನ್ನು ಕೈಯಲ್ಲಿ ಹಿಡಿದುಕೊಂಡೇ ನಾನು ಆ ಗಳಿಗೆಯಲ್ಲಿ ನಿರಕ್ಷರಿಯಾಗಿದ್ದೆ.

ಆ ಸಂಜೆ ಅಪ್ಪನೊಡನೆ ಆಡಬಾರದ ಮಾತು ಆಡಿದೆ. “ನೀವು ನನ್ನನ್ನು ಕನ್ನಡ ಶಾಲೆಗೆ ಹಾಕಿದ್ದೇ ತಪ್ಪು” ಎಂದೆ. ಅಪ್ಪ ಐದನೆಯ ತರಗತಿಯವರೆಗೆ ಕನ್ನಡ ಓದಿದವರು. ಅವರು ಏನೂ ಹೇಳಲಿಲ್ಲ. ಅಂಗಳಕ್ಕಿಳಿದು ಒಣಗಲು ಹರಡಿದ್ದ ಅಡಿಕೆಯನ್ನು ರಾಶಿ ಮಾಡತೊಡಗಿದರು. ಇಂದು ಕೋಪದಲ್ಲಿ ಮಗುವಿನ ಶಾಲೆಯನ್ನು ಬದಲಿಸಹೊರಟಿರುವ ಹೆತ್ತವರನ್ನು ಕಂಡಾಗಲೆಲ್ಲ ನನಗೆ ಆ ಸಂಜೆ ನೆನಪಾಗುತ್ತದೆ.

ಕೆಲಸ ಸಿಕ್ಕಿದ್ದು ಆರನೆಯ ತಿಂಗಳಲ್ಲಿ, ಅಡಿಕೆ ಖರೀದಿಸುವ ಒಂದು ಅಂಗಡಿಯಲ್ಲಿ. ಸಂಬಳ ಮೂರೂವರೆ ಸಾವಿರ. ಮಾಲಕರು ಮಲಯಾಳ ಮಾತಿನ ಹಿರಿಯರು. ಅಡಿಕೆ ತರುತ್ತಿದ್ದ ಕೃಷಿಕರಲ್ಲಿ ಹೆಚ್ಚಿನವರು ತುಳು, ಹವ್ಯಕ, ಮರಾಠಿ ಮನೆಮಾತಿನವರು; ಬರೆದುಕೊಳ್ಳುವುದು ಮಾತ್ರ ಎಲ್ಲರೂ ಕನ್ನಡದಲ್ಲಿ. ಪಟೋರ ಎಷ್ಟು, ಕರಿಗೋಟು ಎಷ್ಟು, ಉಳ್ಳಿಗಡ್ಡೆ ಎಷ್ಟು ಎಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟರೆ ಅವರಿಗೆ ನೆಮ್ಮದಿ. ಹಿಂದಿನ ಗುಮಾಸ್ತನಿಗೆ ಕನ್ನಡ ಓದಲು ಬಾರದೆ ಲೆಕ್ಕದಲ್ಲಿ ತಕರಾರುಗಳಾಗಿದ್ದವಂತೆ. ಹಾಗಾಗಿ, ಹೆತ್ತವರೇ, ನನಗೆ ಮೊದಲ ಕೆಲಸ ಕೊಡಿಸಿದ್ದು ಕನ್ನಡವೇ. ಆದರೆ ಆ ಕೆಲಸದಲ್ಲಿ ನಿಲ್ಲಲು ಕನ್ನಡವೊಂದೇ ಸಾಲಲಿಲ್ಲ. ಕಂಪ್ಯೂಟರಿನ ಟ್ಯಾಲಿ ಇಂಗ್ಲಿಷಿನಲ್ಲಿತ್ತು. ಪಂಚಾಯತಿನಿಂದಲೂ ತೆರಿಗೆ ಕಚೇರಿಯಿಂದಲೂ ಬರುವ ಕಾಗದಗಳು ಮಲಯಾಳದಲ್ಲಿದ್ದವು.

ಒಂದು ದಿನ ಮಾಲಕರು ಮೊಮ್ಮಗಳ ಒಂದನೆಯ ತರಗತಿಯ ಮಲಯಾಳ ಪುಸ್ತಕವನ್ನು ತಂದು, “ಮೋಳೇ, ನಿನಗೆ ಮಾತು ಬರುತ್ತದೆ, ಇನ್ನು ಅಕ್ಷರ ಎಷ್ಟು ದಿನದ ಕೆಲಸ?” ಎಂದು ಮೇಜಿನ ಮೇಲಿಟ್ಟರು. ಮಧ್ಯಾಹ್ನದ ಬಿಡುವಿನಲ್ಲಿ ಓದತೊಡಗಿದೆ. ಅಕ್ಷರಗಳ ಆಕಾರ ಬೇರೆ; ಕ್ರಮ ನಮ್ಮದೇ. ಹೊಸದೆನಿಸಿದ ಅಕ್ಷರಗಳೂ ಹೊಸವಲ್ಲ. ಕಾಲೇಜಿನ ಹಳಗನ್ನಡ ತರಗತಿಯಲ್ಲಿ ಬಳಕೆ ತಪ್ಪಿದ ಅಕ್ಷರಗಳೆಂದು ಕಲಿತಿದ್ದ ಱ ಮತ್ತು ೞ ಮಲಯಾಳದಲ್ಲಿ ಜೀವಂತವಾಗಿದ್ದವು. ನಮ್ಮ ಕೋಳಿ ಹಳಗನ್ನಡದಲ್ಲಿ ಕೋೞಿ. ಕೋೞಿಕ್ಕೋಡ್ ಎಂಬ ಬಸ್ಸಿನ ಫಲಕದಲ್ಲಿ ಅದೇ ಅಕ್ಷರ ದಿನವೂ ನನ್ನ ಕಣ್ಣೆದುರು ಹಾದುಹೋಗುತ್ತಿತ್ತು. ಕನ್ನಡದ ಓದು ಮಲಯಾಳದ ಓದಿಗೆ ಅಡ್ಡಿಯಾಗಲಿಲ್ಲ, ಮೆಟ್ಟಿಲಾಯಿತು. ಮೂರು ತಿಂಗಳಲ್ಲಿ ಪತ್ರಿಕೆ ಓದುವಷ್ಟಾದೆ.

ಅಂಗಡಿಯ ಕಾಗದಗಳನ್ನು ಬಿಟ್ಟರೆ ನಾನು ಮೊದಲು ಓದಿದ ಮಲಯಾಳ ಪತ್ರ ಅಪ್ಪನಿಗೆ ಗ್ರಾಮ ಕಚೇರಿಯಿಂದ ಬಂದ ನೋಟೀಸು. ಅಂಥ ಕಾಗದ ಬಂದಾಗಲೆಲ್ಲ ಅಪ್ಪ ಅಂಗಿ ತೊಟ್ಟು, ಅದನ್ನು ಓದಿಸಲು ಬೇರೊಬ್ಬರ ಮನೆಗೆ ಹೋಗುತ್ತಿದ್ದರು. ನಮ್ಮ ಜಾಗದ ವಿಚಾರ, ಸಾಲದ ವಿಚಾರ ನಮಗಿಂತ ಮೊದಲು ಊರಿಗೆ ತಿಳಿಯುತ್ತಿತ್ತು. ಅಂದು ನಾನು ಓದಿ ಅರ್ಥ ಹೇಳಿದೆ. ಅಪ್ಪ ಇನ್ನೊಮ್ಮೆ ಓದಲು ಹೇಳಿದರು. ಆಮೇಲೆ, “ನನಗೆ ಬಾರದ್ದನ್ನು ನಿನಗೂ ಕಲಿಸಲಿಲ್ಲ. ತಪ್ಪಾದದ್ದು ಅದು, ಕನ್ನಡ ಶಾಲೆಗೆ ಹಾಕಿದ್ದಲ್ಲ” ಎಂದರು. ಆ ಸಂಜೆಯ ನನ್ನ ಮಾತಿಗೆ ಅವರು ಅಷ್ಟು ದಿನ ಉತ್ತರ ಹುಡುಕುತ್ತಿದ್ದರೆಂದು ನನಗೆ ಆಗ ತಿಳಿಯಿತು.

ಈ ಮಾತನ್ನು ನಮ್ಮವರ ನಡುವೆ ಹೇಳುವುದು ಸುಲಭವಲ್ಲ ಎಂಬುದನ್ನು ಬಲ್ಲೆ. 2017ರಲ್ಲಿ ಕೇರಳ ಸರಕಾರವು ಶಾಲೆಗಳಲ್ಲಿ ಮಲಯಾಳವನ್ನು ಕಡ್ಡಾಯಗೊಳಿಸಿದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದರು. ಅವರಲ್ಲಿ ನಾನೂ ಒಬ್ಬಳು. ಇಂದೂ ನನ್ನ ನಿಲುವು ಅದೇ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಲಭ್ಯವನ್ನು ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ರಾಜ್ಯಗಳಿಗೆ ಹೇಳುತ್ತದೆ. ಆ ಹಕ್ಕನ್ನು ಕಡ್ಡಾಯದ ಹೆಸರಿನಲ್ಲಿ ಸವೆಸುವುದನ್ನು ವಿರೋಧಿಸಲೇಬೇಕು. ಆದರೆ ಹೇರಿಕೆಯನ್ನು ವಿರೋಧಿಸುವುದು ಬೇರೆ, ನೆಲದ ಭಾಷೆಯನ್ನು ಕಲಿಯದಿರುವುದು ಬೇರೆ. ಮೊದಲನೆಯದು ನಮ್ಮ ಹಕ್ಕು. ಎರಡನೆಯದು ನಮ್ಮ ಮಕ್ಕಳಿಗೆ ನಷ್ಟ.

ನನ್ನ ಮುಂದಿನ ಉದ್ಯೋಗವೇ ಇದಕ್ಕೆ ಸಾಕ್ಷಿ. ಕೇರಳ ಲೋಕಸೇವಾ ಆಯೋಗವು ಕಾಸರಗೋಡು ಜಿಲ್ಲೆಗೆ ಕನ್ನಡ ಮತ್ತು ಮಲಯಾಳ ಎರಡನ್ನೂ ಬಲ್ಲ ಗುಮಾಸ್ತರ ಹುದ್ದೆಗಳಿಗೆ ಪ್ರತ್ಯೇಕವಾಗಿ ಅರ್ಜಿ ಕರೆಯುವುದುಂಟು. ಮಲಯಾಳ ಮಾತ್ರ ಬಲ್ಲವರು ಅಲ್ಲಿ ಸಲ್ಲುವುದಿಲ್ಲ. ಕನ್ನಡ ಮಾತ್ರ ಬಲ್ಲವರೂ ಸಲ್ಲುವುದಿಲ್ಲ. ಅಡಿಕೆ ಅಂಗಡಿಯಲ್ಲಿ ಕಲಿತ ಅಕ್ಷರಗಳ ಬಲದಿಂದಲೇ ನಾನು ಆ ಸಾಲಿನಲ್ಲಿ ನಿಲ್ಲಲು ಸಾಧ್ಯವಾಯಿತು.

ಸೊಲ್ಲಾಪುರ, ಜತ್ತ, ಹೊಸೂರು, ತಾಳವಾಡಿ, ಆದೋನಿ, ಮಡಕಶಿರಾದಲ್ಲಿರುವ ನಿಮಗೂ ಈ ಮಾತು ಅನ್ವಯಿಸುತ್ತದೆ. ಮಲಯಾಳ ಎಂದು ನಾನು ಬರೆದಲ್ಲಿ ನೀವು ಮರಾಠಿ, ತಮಿಳು, ತೆಲುಗು ಎಂದು ಓದಿಕೊಳ್ಳಿ. ಕನ್ನಡ ಓದಿದ ಮಗುವಿಗೆ ತೆಲುಗು ಲಿಪಿಯಂತೂ ಅಪರಿಚಿತವೇ ಅಲ್ಲ.

ಇಂದು ನಮ್ಮ ಮಕ್ಕಳಿಗೆ ಗಡಿಯ ಆಚೆ ಬದಿಯ ಬಾಗಿಲೂ ಅಂದಿಗಿಂತ ಹೆಚ್ಚು ತೆರೆದಿದೆ. ಸಾರ್ವಜನಿಕ ವಲಯದ ಬ್ಯಾಂಕುಗಳ ಗುಮಾಸ್ತ ಹುದ್ದೆಯ ಪರೀಕ್ಷೆಯನ್ನು ಕನ್ನಡ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸಲು 2021ರಲ್ಲಿ ಕೇಂದ್ರ ಸರಕಾರ ತೀರ್ಮಾನಿಸಿತು. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆಯೂ 2024ರಿಂದ ಹಾಗೆಯೇ ನಡೆಯುತ್ತಿದೆ. ಗ್ರಾಮೀಣ ಅಂಚೆ ಸೇವಕ ಹುದ್ದೆಗೆ ಹತ್ತನೆಯ ತರಗತಿಯ ಅಂಕಗಳೇ ಆಧಾರ. ಆಯಾ ರಾಜ್ಯದ ಭಾಷೆಯನ್ನು ಹತ್ತರವರೆಗೆ ಓದಿರಬೇಕು. ಕರ್ನಾಟಕದ ಹುದ್ದೆಗಳಿಗೆ ಅರ್ಜಿ ಹಾಕುವಾಗ ನಮ್ಮ ಮಕ್ಕಳ ಅಂಕಪಟ್ಟಿಯಲ್ಲಿರುವ ಕನ್ನಡ ಎಂಬ ಒಂದು ಸಾಲಿಗೆ ಬೆಲೆ ಬರುವುದು ಇಲ್ಲಿಯೇ. ಭಯದಿಂದ ಕನ್ನಡವನ್ನು ಬಿಡಿಸಿದರೆ ಮಗು ಈ ಸಾಲನ್ನು ಕಳೆದುಕೊಳ್ಳುತ್ತದೆ.

ಕನ್ನಡ ಶಾಲೆಗೆ ಸೇರಿಸಿದರೆ ಕೆಲಸ ಖಂಡಿತ ಎಂದು ನಾನು ಹೇಳಲಾರೆ. ಕೆಟ್ಟ ಕಾಲದಲ್ಲಿ ಯಾವ ಮಾಧ್ಯಮದವರಿಗೂ ಕೆಲಸ ಸುಲಭವಾಗಿ ಸಿಗುವುದಿಲ್ಲ. 2009ರಲ್ಲಿ ಆಂಗ್ಲ ಮಾಧ್ಯಮದಲ್ಲಿ ಓದಿದ ನನ್ನ ಸಹಪಾಠಿಗಳೂ ಅದೇ ಬಸ್ಸಿನಲ್ಲಿ ಬರಿಗೈಯಲ್ಲಿ ಮರಳುತ್ತಿದ್ದರು. ನಾನು ಕೇಳಿಕೊಳ್ಳುವುದಿಷ್ಟೇ. ಮಗುವಿಗೆ ಕನ್ನಡದಲ್ಲಿ ಗಟ್ಟಿಯಾದ ಓದುಬರಹ ಕೊಡಿ. ಹತ್ತು ವರ್ಷವಾಗುವುದರೊಳಗೆ ನೀವಿರುವ ರಾಜ್ಯದ ಲಿಪಿಯನ್ನು ಮನೆಯಲ್ಲೇ ಕಲಿಸಿ. ಇಂಗ್ಲಿಷನ್ನು ಪರೀಕ್ಷೆಗಾಗಿ ಬರೆಯುವುದಷ್ಟೇ ಅಲ್ಲ, ನಾಲ್ಕು ಜನರೆದುರು ಮಾತನಾಡುವಂತೆ ಕಲಿಸಿರೆಂದು ಶಾಲೆಯ ಸಭೆಯಲ್ಲಿ ಎದ್ದುನಿಂತು ಕೇಳಿ. ನನ್ನ ಹೆತ್ತವರಿಗೆ ಅದನ್ನು ಕೇಳಬಹುದೆಂಬುದೇ ತಿಳಿದಿರಲಿಲ್ಲ. ನಿಮಗೆ ತಿಳಿದಿದೆ.

ಈ ಜೂನಿನಲ್ಲಿ ನನ್ನ ಮಗಳು ಒಂದನೆಯ ತರಗತಿಗೆ ಸೇರುತ್ತಾಳೆ, ನಾನು ಓದಿದ ಶಾಲೆಗೇ. ಅವಳ ಚೀಲದಲ್ಲಿ ಕನ್ನಡ ಪುಸ್ತಕಗಳಿರುತ್ತವೆ. ಮನೆಯ ಕಪಾಟಿನಲ್ಲಿ ಆ ಹಳೆಯ ಮಲಯಾಳ ಪುಸ್ತಕವೂ ಇದೆ. ಮಾಲಕರು ಅದನ್ನು ಮರಳಿ ಕೇಳಲೇ ಇಲ್ಲ. ಭಾನುವಾರ ಬೆಳಗ್ಗೆ ಒಂದು ಗಂಟೆ ಅವಳನ್ನು ಅದರ ಮುಂದೆ ಕೂರಿಸಬೇಕೆಂದಿದ್ದೇನೆ. ನಿಮ್ಮ ಮಗುವನ್ನೂ ಕೂರಿಸಿ.