ಬಸ್ಸಿನ ಹಣೆಬರಹ

ಮನುಷ್ಯನ ಹಣೆಯ ಮೇಲೆ ಬ್ರಹ್ಮನು ಏನನ್ನೋ ಬರೆದಿರುತ್ತಾನೆಂದು ನಮ್ಮ ಹಿರಿಯರು ಹೇಳುತ್ತಾರೆ. ಆ ಬರಹವನ್ನು ಓದಬಲ್ಲವರನ್ನು ನಾನು ಇದುವರೆಗೆ ಕಂಡಿಲ್ಲ. ಬಸ್ಸಿನ ಹಣೆಯ ಮೇಲೂ ಒಂದು ಬರಹವಿರುತ್ತದೆ. ಅಕ್ಷರ ಬಲ್ಲವರೆಲ್ಲರೂ ಅದನ್ನು ಓದಬಹುದು. ಓದಿದವನು ನೆಟ್ಟಗೆ ತನ್ನ ಊರು ಸೇರುತ್ತಾನೆ. ಓದಲಾರದವನು ಇನ್ನೊಬ್ಬರ ಬಾಯಿಯನ್ನು ನೋಡುತ್ತ ನಿಲ್ಲುತ್ತಾನೆ. ನಮ್ಮ ಕಡೆಯ ಎಷ್ಟೋ ಜನರ ಹಣೆಬರಹವು ಬಸ್ಸಿನ ಹಣೆಬರಹದೊಡನೆ ಹೆಣೆದುಕೊಂಡಿದೆಯೆಂದರೆ ತಪ್ಪಾಗಲಾರದು.

ನಮ್ಮ ಕಡೆ ಎಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳ ಸೀಮೆ. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಈ ಐದೂ ಹೊಸಪೇಟೆಯೊಡನೆ ಆ ಜಿಲ್ಲೆಗೆ ಸೇರಿದವು. ಅದಕ್ಕೆ ಮೊದಲು ಇವು ಬಳ್ಳಾರಿ ಜಿಲ್ಲೆಯವು. ನಡುವೆ 1997ರಿಂದ ಎರಡು ದಶಕಗಳ ಕಾಲ ಹರಪನಹಳ್ಳಿಯು ದಾವಣಗೆರೆ ಜಿಲ್ಲೆಯಲ್ಲಿತ್ತು. ಜಿಲ್ಲೆಯ ಗಡಿಗಳು ಹೀಗೆ ಸರಿದಾಡಿದರೂ ಜನರ ಓಡಾಟದ ದಾರಿಗಳು ಬದಲಾಗಲಿಲ್ಲ. ಇದು ಮಳೆಯನ್ನು ನಂಬಿದ ನಾಡು. ಒಂದು ಮಳೆ ತಪ್ಪಿದರೆ ಹೊಲದ ಕೆಲಸ ನಿಲ್ಲುತ್ತದೆ. ದುಡಿಯುವ ಕೈಗಳು ಪಟ್ಟಣದ ಕಡೆ ಮುಖ ಮಾಡುತ್ತವೆ. ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿಯ ಮೂಲಕ ಕೊಟ್ಟೂರಿಗೆ ರೈಲು ಮಾರ್ಗವುಂಟು. ಕೂಡ್ಲಿಗಿಗಾಗಲಿ ಹಡಗಲಿಗಾಗಲಿ ರೈಲಿಲ್ಲ. ರೈಲಿರುವ ಕಡೆಯೂ ಹಳ್ಳಿಯ ಮನುಷ್ಯನನ್ನು ಅವನ ಹೊಲದ ಬದುವಿನ ಬಳಿಯಿಂದ ಹತ್ತಿಸಿಕೊಳ್ಳುವುದು ಬಸ್ಸೇ.

ಸರಕಾರವು ಬಸ್ಸು ನಡೆಸುವ ಕೆಲಸ ನಮ್ಮ ನಾಡಿನಲ್ಲಿ ಬಹಳ ಹಳೆಯದೇನೂ ಅಲ್ಲ. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರಕಾರದ ರಸ್ತೆ ಸಾರಿಗೆ ಇಲಾಖೆಯು 120 ಬಸ್ಸುಗಳೊಡನೆ ಆರಂಭವಾಯಿತು. ಆಗ ನಮ್ಮ ಭಾಗವು ಮದರಾಸು ಪ್ರಾಂತಕ್ಕೆ ಸೇರಿತ್ತು. ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ರಂದು. 1961ರ ಆಗಸ್ಟ್ 1ರಂದು ಸಾರಿಗೆ ಇಲಾಖೆಯು ನಿಗಮವಾಯಿತು. 2000ದಲ್ಲಿ ನಮ್ಮ ಭಾಗಕ್ಕೆಂದು ಈಶಾನ್ಯ ಕರ್ನಾಟಕ ರಸ್ತೆ ಸಾರಿಗೆ ನಿಗಮವು ಬೇರೆಯಾಯಿತು. 2021ರಿಂದ ಅದಕ್ಕೆ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮವೆಂಬ ಹೆಸರು. ಹೆಸರು ಏನೇ ಇರಲಿ, ಜನರ ಬಾಯಲ್ಲಿ ಅದು ಇಂದಿಗೂ ‘ಗೌರ್ಮೆಂಟ್ ಬಸ್ಸು’.

‘ಬಸ್ಸು’ ಎಂಬ ಪದದ ಮೂಲವನ್ನು ಅರಿತರೆ ಅದರ ಮೇಲಿನ ಗೌರವ ಇನ್ನಷ್ಟು ಹೆಚ್ಚುತ್ತದೆ. ಲ್ಯಾಟಿನ್ ಭಾಷೆಯ ‘ಒಮ್ನಿಬಸ್’ ಎಂಬುದು ಅದರ ಪೂರ್ಣ ರೂಪ. ‘ಎಲ್ಲರಿಗಾಗಿ’ ಎಂದು ಅದರ ಅರ್ಥ. 1662ರಲ್ಲಿ ಫ್ರಾನ್ಸಿನ ಗಣಿತಜ್ಞ ಬ್ಲೇಸ್ ಪಾಸ್ಕಲನು ಪ್ಯಾರಿಸ್ ನಗರದಲ್ಲಿ, ಗೊತ್ತಾದ ದಾರಿಯಲ್ಲಿ ಗೊತ್ತಾದ ಬಾಡಿಗೆಗೆ ಓಡುವ ಕುದುರೆಗಾಡಿಗಳ ವ್ಯವಸ್ಥೆಯನ್ನು ಮಾಡಿಸಿದನು. ಆದರೆ ಸಿಪಾಯಿಗಳು, ಆಳುಕಾಳುಗಳು, ಕೂಲಿಕಾರರು ಅವುಗಳನ್ನು ಏರಕೂಡದೆಂದು ಅಲ್ಲಿನ ನ್ಯಾಯಸಭೆಯು ವಿಧಿಸಿತು. ಕೆಲವು ವರ್ಷಗಳಲ್ಲಿ ಆ ಗಾಡಿಗಳು ನಿಂತುಹೋದವು. ದುಡಿಯುವವನನ್ನು ಹೊರಗಿಟ್ಟ ಬಂಡಿ ಬಹುದೂರ ಸಾಗದು. ಮುಂದೆ 1826ರಲ್ಲಿ ಅದೇ ದೇಶದ ನಾಂತ್ ಎಂಬ ಊರಿನಲ್ಲಿ ಮತ್ತೆ ಅಂಥ ಗಾಡಿಗಳು ಹೊರಟಾಗಲೇ ‘ಎಲ್ಲರಿಗಾಗಿ’ ಎಂಬ ಈ ಹೆಸರು ನೆಲೆನಿಂತಿತು.

ಈ ಹೆಸರು ನಿಜವಾಗಲು ಜನರು ಹೋರಾಡಬೇಕಾದ ಕಾಲವೂ ಇತ್ತು. 1955ರ ಡಿಸೆಂಬರ್ 1ರಂದು ಅಮೆರಿಕದ ಮಾಂಟ್ಗೊಮರಿಯಲ್ಲಿ ರೋಸಾ ಪಾರ್ಕ್ಸ್ ಎಂಬ ಕಪ್ಪು ಮಹಿಳೆ, ಬಿಳಿಯನಿಗಾಗಿ ತನ್ನ ಸೀಟನ್ನು ಬಿಟ್ಟುಕೊಡಲು ಒಪ್ಪಲಿಲ್ಲ. ಆಕೆಯನ್ನು ಬಂಧಿಸಿದರು. ಅಲ್ಲಿನ ಕಪ್ಪು ಜನರು 381 ದಿನ ಬಸ್ಸನ್ನೇ ಏರದೆ, ಕೆಲಸಕ್ಕೆ ನಡೆದುಹೋಗಿ, ಕೊನೆಗೆ ಗೆದ್ದರು. ನಮ್ಮಲ್ಲಿಯೂ ಬಸ್ಸಿನ ಸೀಟು ಸದ್ದಿಲ್ಲದೆ ಒಂದು ದೊಡ್ಡ ಕೆಲಸ ಮಾಡಿದೆ. ಬಾವಿಯಲ್ಲಿ, ಗುಡಿಯಲ್ಲಿ, ಚಹದಂಗಡಿಯಲ್ಲಿ ಜಾತಿಯ ಲೆಕ್ಕ ಹಾಕುತ್ತಿದ್ದ ಹಳ್ಳಿಯ ಜನ, ಬಸ್ಸಿನಲ್ಲಿ ಮಾತ್ರ ಹೆಗಲಿಗೆ ಹೆಗಲು ತಾಗಿಸಿ ಕೂತರು. ಟಿಕೆಟ್ಟಿನ ಮೇಲೆ ಊರಿನ ಲೆಕ್ಕವುಂಟು, ಕುಲದ ಲೆಕ್ಕವಿಲ್ಲ.

ನಾನು ಶಿಕ್ಷಕನಾಗಿ ಸೇರಿದ್ದು 1984ರಲ್ಲಿ. ಅಂದಿನಿಂದ ನಿವೃತ್ತನಾಗುವವರೆಗೆ ನನ್ನ ಮನೆ ಒಂದೂರಿನಲ್ಲಿ, ಶಾಲೆ ಇನ್ನೊಂದೂರಿನಲ್ಲಿ. ವರ್ಗವಾದಂತೆ ದಾರಿ ಬದಲಾಗುತ್ತಿತ್ತು. ಹಡಗಲಿಯ ಕಡೆ ಹೋಗುತ್ತಿದ್ದಾಗ ಬೆಳಗಿನ ಬಸ್ಸೆಲ್ಲ ಮಲ್ಲಿಗೆಯ ಪರಿಮಳ. ಆ ಊರಿಗೆ ಹೂವಿನ ಹಡಗಲಿಯೆಂಬ ಹೆಸರು ಬರಿದೆ ಬಂದುದಲ್ಲ. ಕೊಟ್ಟೂರಿನ ತೇರು ಸಮೀಪಿಸಿದರೆ, ಹರಕೆ ಹೊತ್ತು ನಡೆದುಹೋಗುವ ಭಕ್ತರ ಸಾಲಿನ ಪಕ್ಕದಲ್ಲಿ ಬಸ್ಸೂ ಮೆಲ್ಲಗೆ ನಡೆಯುತ್ತಿತ್ತು. ಶೇಂಗಾ ಕೀಳುವ ಕಾಲದಲ್ಲಿ ಚೀಲಗಳ ನಡುವೆ ನಾವು ಕಾಲಿಡಲು ಜಾಗ ಹುಡುಕುತ್ತಿದ್ದೆವು. ಸೇರಿದ ಹೊಸದರಲ್ಲಿ ನಾನು ಗಳಿಗೆಗೊಮ್ಮೆ ಗಡಿಯಾರ ನೋಡುವುದನ್ನು ಕಂಡು, ಪಕ್ಕದಲ್ಲಿ ಕುಳಿತಿದ್ದ ಮುದುಕ ರೈತರೊಬ್ಬರು, “ಮೇಷ್ಟ್ರೆ, ಬಸ್ಸು, ಮಳಿ ಎರಡೂ ಗಡಿಯಾರ ನೋಡಿದ್ರ ಬರಾವಲ್ರಿ. ದಾರಿ ನೋಡಬೇಕು” ಎಂದರು. ಅಂದಿನಿಂದ ನನ್ನ ಕೈಚೀಲದಲ್ಲಿ ಯಾವಾಗಲೂ ಒಂದು ಪುಸ್ತಕವಿರತೊಡಗಿತು. ಎಂ.ಎ. ಪರೀಕ್ಷೆಗೆ ನಾನು ಓದಿದುದರಲ್ಲಿ ಅರ್ಧದಷ್ಟು ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆಯೇ ಓದಿದ್ದು.

ದಿನವೂ ಬಸ್ಸಿನಲ್ಲಿ ಹೋಗಿಬರುವವರನ್ನೂ ಮೊದಲ ಸಲ ಹೊರಟವರನ್ನೂ ಬೇರೆಬೇರೆಯಾಗಿ ಗುರುತಿಸುವುದು ಕಷ್ಟವಲ್ಲ. ಬಸ್ಸು ನಿಲ್ದಾಣಕ್ಕೆ ತಿರುಗುವ ಮೊದಲೇ ಹಳಬನು ಕಿಟಕಿಯೊಳಗೆ ವಲ್ಲಿಯನ್ನು ಎಸೆದು ಸೀಟು ಹಿಡಿಯುತ್ತಾನೆ. ಹೊಸಬನು ಇಳಿಯುವವರಿಗೆ ದಾರಿ ಬಿಟ್ಟು ನಿಂತಿರುತ್ತಾನೆ. ಸಭ್ಯತೆಯಲ್ಲಿ ಹೊಸಬನೇ ಮೇಲೆಂದು ಒಪ್ಪಬೇಕು. ಹಳಬನು ಕುಳಿತ ಕೂಡಲೇ ತೂಕಡಿಸಿ, ತನ್ನ ಊರು ಇನ್ನೊಂದು ಸೇತುವೆಯಷ್ಟು ದೂರವಿರುವಾಗ ಯಾರೂ ಎಬ್ಬಿಸದೆ ಏಳುತ್ತಾನೆ. ಹೊಸಬನು ಪ್ರತಿ ನಿಲುಗಡೆಯಲ್ಲಿಯೂ ಎದ್ದು “ಇದೇನ್ರಿ?” ಎಂದು ಕೇಳುತ್ತಾನೆ. ಹೊಸಬನು ದೊಡ್ಡ ನೋಟು ಕೊಟ್ಟರೆ ನಿರ್ವಾಹಕರು ಕೊಡಬೇಕಾದ ಚಿಲ್ಲರೆಯನ್ನು ಟಿಕೆಟ್ಟಿನ ಹಿಂದೆ ಬರೆದುಕೊಡುತ್ತಾರೆ. ಆ ಗೀಚಿನ ಬೆಲೆ ತಿಳಿಯದೆ ಅವನು ಟಿಕೆಟ್ಟನ್ನು ಕಿಟಕಿಯಿಂದ ಹಾರಬಿಟ್ಟರೆ ಹಣವೂ ಹಾರಿಹೋದಂತೆಯೇ. ಹಳಬನಾದರೋ ಅದನ್ನು ಮಡಿಸಿ ಗಡಿಯಾರದ ಪಟ್ಟಿಗೆ ಸಿಕ್ಕಿಸಿಕೊಳ್ಳುತ್ತಾನೆ. ಒಂದು ಸೀಟಿಗೆ ಬಸ್ಸು ನಿಲ್ಲುತ್ತದೆ, ಎರಡು ಸೀಟಿಗೆ ಹೊರಡುತ್ತದೆ ಎಂಬುದನ್ನು ಯಾವ ಶಾಲೆಯೂ ಕಲಿಸುವುದಿಲ್ಲ. ವಾರದೊಳಗೆ ಕಿವಿಯೇ ಕಲಿತುಬಿಡುತ್ತದೆ.

ಆದರೆ ಬೋರ್ಡನ್ನು ಓದುವುದು ತಾನಾಗಿ ಬರುವ ವಿದ್ಯೆಯಲ್ಲ. ಇದನ್ನು ನನಗೆ ಮನಗಾಣಿಸಿದವರು ಒಬ್ಬ ಹೆಣ್ಣುಮಗಳು. ಆಗ ನನ್ನ ಶಾಲೆ ಹಗರಿಬೊಮ್ಮನಹಳ್ಳಿಯಲ್ಲಿತ್ತು. ಕೊಟ್ಟೂರು ದಾರಿಯ ಹಳ್ಳಿಯೊಂದರಿಂದ ಆಕೆ ಆಸ್ಪತ್ರೆಯೊಂದರಲ್ಲಿ ಕಸಗುಡಿಸುವ ಕೆಲಸಕ್ಕೆ ಬರುತ್ತಿದ್ದರು. ಗಂಡ ತೀರಿಕೊಂಡಿದ್ದನು, ಮನೆಯಲ್ಲಿ ಎಳೆಯ ಮಗುವನ್ನು ಮುದಿ ಅತ್ತೆ ನೋಡಿಕೊಳ್ಳುತ್ತಿದ್ದರು. ಹೊಲದ ಕೂಲಿಯ ಹೊರತು ಬೇರೆ ಕೆಲಸವನ್ನು ಆಕೆ ಕಂಡವರಲ್ಲ; ಒಂಟಿಯಾಗಿ ಬಸ್ಸು ಹತ್ತಿದ್ದೂ ಅದೇ ಮೊದಲು. ಅಕ್ಷರ ಬಾರದು. ಆದರೂ ಆಕೆ ತಮ್ಮದೇ ಆದ ಒಂದು ಉಪಾಯವನ್ನು ಕಂಡುಕೊಂಡಿದ್ದರು. ಅದನ್ನು ಒಂದು ಸಂಜೆ ನಿಲ್ದಾಣದಲ್ಲಿ ನನಗೆ ವಿವರಿಸಿದರು:

“ಉದ್ದಕ್ಕಿದ್ದು, ಕೆಳಗ ಎರಡು ಜೋತುಬಿದ್ದಿದ್ರ ಈ ಊರಿಂದು. ಏನೂ ಜೋತುಬೀಳದಿದ್ರ ಹಡಗಲಿ. ಕಡೀಗೊಂದು ಜೋತುಬಿದ್ದಿದ್ರ ಹರಪನಹಳ್ಳಿ. ನಡುವ ಜೋತುಬಿದ್ದಿದ್ರ ನಮ್ಮ ಕೊಟ್ಟೂರು ಬಸ್ಸು, ಅಲ್ಲೇನ್ರಿ ಮೇಷ್ಟ್ರೆ?”

ನಾನು ಬೆರಗಾದೆನು. ಜೋತುಬಿದ್ದಿರುವುದೆಂದರೆ ಒತ್ತಕ್ಷರ! ನೀವೇ ಬರೆದು ನೋಡಿ. ಹಗರಿಬೊಮ್ಮನಹಳ್ಳಿಯಲ್ಲಿ ಎರಡು ಒತ್ತು. ಹಡಗಲಿಯಲ್ಲಿ ಒಂದೂ ಇಲ್ಲ. ಹರಪನಹಳ್ಳಿಯಲ್ಲಿ ಕೊನೆಗೆ ಒಂದು. ಕೊಟ್ಟೂರಿನಲ್ಲಿ ನಡುವೆ ಒಂದು. ವ್ಯಾಕರಣವನ್ನು ಕಲಿಸಿ ಸಂಬಳ ಪಡೆಯುತ್ತಿದ್ದ ನನಗೆ ನಾಲ್ಕು ಊರುಗಳನ್ನು ಒತ್ತಕ್ಷರದಿಂದ ವಿಂಗಡಿಸುವ ಬುದ್ಧಿ ಎಂದೂ ಹೊಳೆದಿರಲಿಲ್ಲ. ಆದರೆ ಐದನೆಯ ಊರೊಂದು ಉಳಿದಿತ್ತಲ್ಲ! ಕೂಡ್ಲಿಗಿಗೂ ಕೊಟ್ಟೂರಿನಂತೆಯೇ ಮೂರಕ್ಷರ, ಮೊದಲು ಕಕಾರ, ನಡುವೆ ಒತ್ತು. ಅದನ್ನು ನಾನು ತಿಳಿಸಿಹೇಳುತ್ತಿರುವಂತೆಯೇ ಆಕೆಯ ಮುಖ ಬಾಡಿತು. “ಅದು ನನಗ ಗೊತ್ತಾಗೇತ್ರಿ” ಎಂದು ಮೆಲ್ಲಗೆ ನುಡಿದರು.

ಹಿಂದಿನ ವಾರ ಮಬ್ಬುಗತ್ತಲಲ್ಲಿ ಆಕೆ ನಡುವೆ ಜೋತುಬಿದ್ದಿದ್ದ ಬೋರ್ಡನ್ನು ನೋಡಿ ಬಸ್ಸು ಹತ್ತಿದ್ದರು. ಟಿಕೆಟ್ ಕೇಳುವ ಹೊತ್ತಿಗೆ ಬಸ್ಸು ಕೂಡ್ಲಿಗಿಯ ದಾರಿ ಹಿಡಿದಾಗಿತ್ತು. ನಡುದಾರಿಯಲ್ಲಿ ಇಳಿದು, ತಿರುಗಿ ಬರುವ ಬಸ್ಸು ಸಿಕ್ಕದೆ, ಕತ್ತಲೆಯಲ್ಲಿ ನಡೆದೇ ಹೊರಟರು. ಮನೆ ಸೇರಿದಾಗ ನಡುರಾತ್ರಿ. ಹಾಲಿಗಾಗಿ ಅತ್ತು ಅತ್ತು ಮಗು ಬಳಲಿ ಮಲಗಿತ್ತು. “ಇನ್ನ ಕೆಲಸ ಬ್ಯಾಡ” ಎಂದು ಅತ್ತೆ ಹಟ ಹಿಡಿದಿದ್ದರು. ಒಂದು ಅಕ್ಷರದ ಅಂತರದಲ್ಲಿ ಒಂದು ಸಂಸಾರದ ಅನ್ನ ತೂಗುತ್ತಿತ್ತು.

ಅದು ಸಾಕ್ಷರತಾ ಆಂದೋಲನ ನಡೆಯುತ್ತಿದ್ದ 1990ರ ದಶಕ. ಹಳ್ಳಿಹಳ್ಳಿಗಳಲ್ಲಿ ಲಾಟೀನಿನ ಬೆಳಕಿನಲ್ಲಿ ರಾತ್ರಿಯ ತರಗತಿಗಳು ಸೇರುತ್ತಿದ್ದವು. ಆಕೆಯೂ ಅತ್ತೆಯನ್ನು ಒಪ್ಪಿಸಿ ತಮ್ಮ ಊರಿನ ತರಗತಿಗೆ ಹೋದರು. ಕಲಿಸುತ್ತಿದ್ದ ಹುಡುಗ ವಾಚಿಕೆಯ ಮೊದಲ ಪುಟವನ್ನು ತೆರೆದನಂತೆ. ಆಕೆ ಒಪ್ಪಲಿಲ್ಲ. “ಮೊದಲು ‘ರು’ ಕಲಿಸು ತಮ್ಮಾ. ಆಮ್ಯಾಲೆ ‘ಗಿ’. ಉಳಿದದ್ದು ತಿಂಗಳಾದ್ರೂ ಆಗಲಿ” ಎಂದರಂತೆ. ಎರಡು ಊರುಗಳ ಕೊನೆಯಕ್ಷರಗಳವು! ತಿಂಗಳು ಕಳೆಯುವುದರೊಳಗೆ ಆಕೆ ನಿಲ್ದಾಣದಲ್ಲಿ ಬೋರ್ಡನ್ನು ಬೆರಳಿಟ್ಟು ಓದಿದುದನ್ನು ನಾನು ಕಣ್ಣಾರೆ ಕಂಡೆನು. ಅನಂತರ ಊರಿನ ಇನ್ನೂ ಇಬ್ಬರು ಹೆಂಗಸರು ಆಕೆಯ ಜೊತೆ ಕೆಲಸಕ್ಕೆ ಹೊರಟರು. ಅವರಿಗೆ ಬಸ್ಸು ಹತ್ತುವುದನ್ನು ಕಲಿಸಿದ ಗುರು ಯಾರೆಂದು ಬೇರೆ ಹೇಳಬೇಕಾಗಿಲ್ಲ. “ಜೋತುಬಿದ್ದದ್ದನ್ನ ನೋಡಬ್ಯಾಡ್ರೆ, ಕಡೀ ಅಕ್ಷರ ನೋಡ್ರಿ” ಎಂಬುದು ಆಕೆಯ ಮೊದಲ ಪಾಠ.

ಇಂಥವರನ್ನು ಹೊತ್ತು ಬರುವುದು ಬಹುಮಟ್ಟಿಗೆ ವಸ್ತಿ ಬಸ್ಸು. ರಾತ್ರಿ ಕೊನೆಯ ಹಳ್ಳಿಯನ್ನು ಮುಟ್ಟಿ ಅಲ್ಲಿಯೇ ತಂಗಿ, ನಸುಕಿನಲ್ಲಿ ಪಟ್ಟಣಕ್ಕೆ ಹೊರಡುವ ಬಸ್ಸಿಗೆ ನಮ್ಮ ಜನ ಕೊಟ್ಟ ಹೆಸರು ಅದು. ಚಾಲಕರು ಗಾಡಿಯನ್ನು ಚಾಲೂ ಮಾಡಿದ ಸದ್ದೇ ಊರಿಗೆ ಕೋಳಿಯ ಕೂಗು. ಹಾಲಿನ ಕ್ಯಾನು, ಹೂವಿನ ಬುಟ್ಟಿ, ಆಸ್ಪತ್ರೆಗೆ ಹೊರಟ ಬಸುರಿ, ಪಾಸು ಹಿಡಿದ ಕಾಲೇಜು ಹುಡುಗಿ, ಗಾರೆ ಕೆಲಸದವನು ಎಲ್ಲರೂ ಅದರಲ್ಲಿಯೇ. ತಮ್ಮ ಮನೆಯನ್ನು ಬಿಟ್ಟು ಅನ್ಯರ ಊರಿನಲ್ಲಿ ಮಲಗಿ, ಅನ್ಯರ ಮಕ್ಕಳನ್ನು ಹೊತ್ತಿಗೆ ಸರಿಯಾಗಿ ಶಾಲೆಗೆ ಮುಟ್ಟಿಸುವ ಚಾಲಕ ನಿರ್ವಾಹಕರ ಶ್ರಮವನ್ನು ನಾವು ನೆನೆಯುವುದು ಕಡಿಮೆ.

ಈಗ ಕಾಲ ಬಹಳ ಬದಲಾಗಿದೆ. ಬಣ್ಣ ಬಣ್ಣದ ಟಿಕೆಟ್ಟುಗಳ ಕಟ್ಟಿನ ಬದಲು ನಿರ್ವಾಹಕರ ಕೈಯಲ್ಲಿ ಟಿಕೆಟ್ ಮುದ್ರಿಸುವ ಯಂತ್ರವಿದೆ. ಎಷ್ಟೋ ಬಸ್ಸುಗಳ ಹಣೆಯ ಮೇಲೆ ಬೆಳಕಿನ ಅಕ್ಷರಗಳು ಹರಿದಾಡುತ್ತವೆ. 2023ರ ಜೂನ್ 11ರಂದು ಆರಂಭವಾದ ‘ಶಕ್ತಿ’ ಯೋಜನೆಯಿಂದ ರಾಜ್ಯದ ಮಹಿಳೆಯರು ಸರಕಾರದ ಸಾಮಾನ್ಯ ಬಸ್ಸುಗಳಲ್ಲಿ ಹಣ ಕೊಡದೆ ಪ್ರಯಾಣ ಮಾಡುವಂತಾಯಿತು. ಬಸ್ಸಿನ ಹಣಕ್ಕೆ ಮನೆಯ ಗಂಡಸರ ಜೇಬನ್ನು ನೋಡುತ್ತಿದ್ದ ಎಷ್ಟೋ ತಾಯಂದಿರು ಆಗ ತಾವಾಗಿಯೇ ಹೊಸಿಲು ದಾಟಿ ಹೊರಟರು. ಬಸ್ಸಿನಲ್ಲಿ ನೂಕುನುಗ್ಗಲು ಹೆಚ್ಚಿತೆಂದು ಗೊಣಗುವವರೂ ಉಂಟು. ಗೊಣಗುವುದಕ್ಕೆ ಕಾರಣವಿಲ್ಲವೆಂದು ನಾನು ಹೇಳಲಾರೆ. ಬಸ್ಸುಗಳು ಹೆಚ್ಚಬೇಕಾದುದು ನಿಜ. ಆದರೆ ಇಷ್ಟು ಜನ ಹೋಗಬೇಕಾದ ಕಡೆಗಳಿದ್ದೂ ಇಷ್ಟು ಕಾಲ ಮನೆಯಲ್ಲಿಯೇ ಉಳಿದಿದ್ದರಲ್ಲ ಎಂಬುದನ್ನೂ ಆ ನೂಕುನುಗ್ಗಲು ನಮಗೆ ತೋರಿಸಿಕೊಟ್ಟಿತು.

ನಿಮ್ಮಲ್ಲಿ ಹಲವರು ಇನ್ನೆರಡು ವರ್ಷಗಳಲ್ಲಿ ಕಾಲೇಜಿಗಾಗಿ, ಮುಂದೆ ಉದ್ಯೋಗಕ್ಕಾಗಿ ದಿನವೂ ಬಸ್ಸು ಏರುವವರು. ಬೋರ್ಡನ್ನು ಓದಲು ನಿಮಗೆ ಬರುತ್ತದೆ. ಅಷ್ಟಕ್ಕೇ ನಿಲ್ಲಬೇಡಿ, ಪಕ್ಕದಲ್ಲಿ ನಿಂತು ನಿಮ್ಮ ಬಾಯಿ ನೋಡುತ್ತಿರುವ ಮುದುಕಿಗೆ, ಆಕೆ ಕೇಳುವ ಮೊದಲೇ ಗಟ್ಟಿಯಾಗಿ ಓದಿಹೇಳಿ. ಚಿಲ್ಲರೆ ಹಣವನ್ನು ಸಿದ್ಧವಾಗಿಟ್ಟುಕೊಳ್ಳಿ. ನಿರ್ವಾಹಕರಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ಬಾಗಿಲಿನಲ್ಲಿ ಜೋತಾಡಬೇಡಿ. ಸೀಟಿನ ಬೆನ್ನಿನ ಮೇಲೆ ನಿಮ್ಮ ಹೆಸರನ್ನು ಕೆತ್ತಬೇಡಿ; ಆ ಸೀಟು ನಾಳೆ ಇನ್ನೊಬ್ಬರದು. ಯಾವುದೋ ಸಿಟ್ಟಿಗೆ ಬಸ್ಸಿನ ಮೇಲೆ ಕಲ್ಲೆಸೆಯುವವನಿಗೆ, ಆ ಬಸ್ಸಿಗಾಗಿ ಮುಂದಿನ ಊರಿನಲ್ಲಿ ಮಗುವನ್ನೆತ್ತಿ ಕಾದು ನಿಂತ ತಾಯಿ ಕಾಣುವುದಿಲ್ಲ. ನೀವು ಅವಳನ್ನು ಕಾಣಬಲ್ಲವರಾಗಿ.

ನಮ್ಮ ಕಡೆಯ ಬಸ್ಸುಗಳಲ್ಲಿ ದಿನಕ್ಕೆ ಎಷ್ಟು ಬಾರಿ ಕೇಳಿಬರುವುದೋ ಲೆಕ್ಕವಿಲ್ಲದ ಒಂದು ಮಾತುಂಟು: “ಒಂಚೂರು ಸರೀರಿ.” ಇಬ್ಬರು ಕೂರುವ ಜಾಗದಲ್ಲಿ ಮೂವರಿಗೆ, ಮೂವರು ಕೂರುವ ಜಾಗದಲ್ಲಿ ನಾಲ್ವರಿಗೆ ಎಡೆ ಮಾಡಿಕೊಡುವ ಮಂತ್ರವದು. ಸರಿದವನಿಗೆ ನಷ್ಟವಾಗುವುದು ನಾಲ್ಕು ಬೆರಳಿನಷ್ಟು ಜಾಗ. ಅಷ್ಟರಲ್ಲಿಯೇ ಮೊದಲ ಸಲ ಮನೆಯಿಂದ ಹೊರಟ ಒಬ್ಬ ಮನುಷ್ಯನು ಕುಳಿತು, ಸೆರಗಿನಿಂದಲೋ ವಲ್ಲಿಯಿಂದಲೋ ಮುಖ ಒರೆಸಿಕೊಂಡು, “ನೀವು ಯಾವ ಊರಿನವ್ರಿ?” ಎಂದು ಮಾತಿಗೆ ತೊಡಗುತ್ತಾನೆ.