ಇಟಗಿಯ ನೆತ್ತಿಯ ಮೇಲೆ ರೋಹಿಣಿ

ಫೆಬ್ರವರಿಯ ಕೊನೆಯ ವಾರ, ಸಂಜೆ ಆರೂಮುಕ್ಕಾಲು ದಾಟಿದೆ. ಇಟಗಿಯ ಮಹಾದೇವ ದೇವಾಲಯದ ಮುಂದೆ, ಪಡುವಣಕ್ಕೆ ಮುಖ ಮಾಡಿ ನಿಂತಿದ್ದೀರಿ. ಸೂರ್ಯ ಆಗಲೇ ಶಿಖರದ ಹಿಂದೆ ಇಳಿದಿದ್ದಾನೆ. ಕಡೆದ ಕಂಬಗಳ ನುಣುಪಿನ ಮೇಲಿದ್ದ ಮಿರುಗು ಆರುತ್ತಿದೆ. ಅಂಗೈ ಇಟ್ಟು ನೋಡಿ, ಹಗಲಿನ ಕಾವು ಕಲ್ಲಿನಲ್ಲಿ ಇನ್ನೂ ಇದೆ. ಎರೆಹೊಲದ ಕಡೆಯಿಂದ ಕಡಲೆ ಹೊಟ್ಟಿನ ವಾಸನೆ ಬರುತ್ತಿದೆ.

ತಲೆ ಎತ್ತಿ. ನೆತ್ತಿಯಿಂದ ತುಸುವೇ ಪಡುವಣಕ್ಕೆ ವಾಲಿ, ಕೆಂಚುಬಣ್ಣದ ಒಂದು ಚಿಕ್ಕಿ. ರೋಹಿಣಿ. ಇಟಗಿ ಇರುವುದು ಸುಮಾರು ಹದಿನೈದೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ರೋಹಿಣಿ ಇರುವುದು ಖಗೋಳದ ಹದಿನಾರೂವರೆ ಡಿಗ್ರಿ ಉತ್ತರದಲ್ಲಿ. ಹಾಗಾಗಿ ದಿನಕ್ಕೊಮ್ಮೆ ಅದು ಈ ಊರಿನ ನೆತ್ತಿಯನ್ನು ಹೆಚ್ಚುಕಡಿಮೆ ಸವರಿಕೊಂಡೇ ಹೋಗುತ್ತದೆ.

‘ಅಗೋ ಅಲ್ಲಿ’ ಎಂದು ಬೆರಳು ತೋರಿಸುತ್ತೀರಿ. ಎಲ್ಲಿ? ಕಾಲಡಿಯ ಭೂಮಿ ಸೆಕೆಂಡಿಗೆ 30 ಕಿ.ಮೀ. ವೇಗದಲ್ಲಿ ಓಡುತ್ತಿದೆ. ಓಡುವವರ ಕಣ್ಣಿಗೆ ಬೆಳಕು ಓಟದ ದಿಕ್ಕಿಗೆ ವಾಲಿ ಕಾಣುತ್ತದೆ. ಈ ಸಂಜೆ ಭೂಮಿ ರೋಹಿಣಿಗೆ ಬೆನ್ನು ಹಾಕಿ ಓಡುತ್ತಿರುವುದರಿಂದ ಆ ವಾಲಿಕೆ ತೀರ ಕಡಿಮೆ. ಮೂರು ತಿಂಗಳ ಹಿಂದೆ ಅದು 20 ವಿಕಲೆಯಷ್ಟಿತ್ತು. ಒಂದು ಡಿಗ್ರಿಯಲ್ಲಿ 3600 ವಿಕಲೆ.

ಇನ್ನೊಂದು ವಾಲಿಕೆ ನನಗೆ ಇದಕ್ಕಿಂತ ದೊಡ್ಡ ಅಚ್ಚರಿ. ಈಗ ತಾನೇ ಮುಳುಗಿದ ಸೂರ್ಯ ರೋಹಿಣಿಯಿಂದ 90 ಡಿಗ್ರಿ ದೂರದಲ್ಲಿದ್ದಾನೆ. ಅಷ್ಟು ದೂರದಿಂದಲೂ ಅವನ ಗುರುತ್ವ ಆ ಬೆಳಕನ್ನು ವಿಕಲೆಯ ಸಾವಿರದ ನಾಲ್ಕು ಭಾಗದಷ್ಟು ಬಗ್ಗಿಸಿದೆ. ಅವನ ಅಂಚನ್ನೇ ಸವರಿ ಬರುವ ಬೆಳಕಾದರೆ ಬಾಗು 1.75 ವಿಕಲೆ. ಐನ್‌ಸ್ಟೈನ್ ಲೆಕ್ಕ ಹಾಕಿದ್ದ ಆ ಬಾಗನ್ನು 1919ರ ಮೇ 29ರ ಖಗ್ರಾಸ ಗ್ರಹಣದಲ್ಲಿ ಎಡಿಂಗ್ಟನ್ ಮತ್ತು ಸಂಗಡಿಗರು ಅಳೆದರು.

ಅಂಥದ್ದೇ ನೆರಳು ಈ ಅಂಗಳದ ಮೇಲೂ ಹಾದಿದೆ. 1980ರ ಫೆಬ್ರವರಿ 16ರಂದು ಅಂಕೋಲಾ, ಹುಬ್ಬಳ್ಳಿ, ಗದಗ, ರಾಯಚೂರು ದಾರಿಯಲ್ಲಿ ಓಡಿದ ಖಗ್ರಾಸದ ಪಟ್ಟಿಯೊಳಗೆ ಇಟಗಿಯೂ ಇತ್ತು. ಕಟ್ಟೆಯ ಮೇಲೆ ಕೂತ ಹಿರಿಯರೊಬ್ಬರನ್ನು ಕೇಳಿ. “ನೆನಪೈತೆನ್ರಿ ಅಜ್ಜಾರ?” “ಇಲ್ದ ಏನ್ ತಮ್ಮಾ! ಮನಿ ಬಾಗ್ಲಾ ಹಾಕ್ಕೊಂಡು ಕುಂತಿದ್ವಿ. ನಾ ಸಂದಿಯಾಗಿಂದ ನೋಡೀನಿ, ಹಾಡಹಗಲಾಗ ಕತ್ತಲಿ.”

ಬೆಳಕಿನ ಇಂಥ ಬಾಗನ್ನೂ ಅಳೆಯುವಷ್ಟು ಕಣ್ಣು ಸೂಕ್ಷ್ಮವಾದ ಮೇಲೆ, ಎಲ್ಲಿ ನಿಂತು, ಯಾವ ಗಡಿಯಾರ ಹಿಡಿದು ಅಳೆದಿರಿ ಎಂದು ಮೊದಲೇ ಹೇಳಬೇಕಾಗುತ್ತದೆ. ಗಾಯಾ ಬಾಹ್ಯಾಕಾಶ ದೂರದರ್ಶಕದ ನಕ್ಷತ್ರಪಟ್ಟಿಯಲ್ಲಿ ಒಳ್ಳೆಯ ಅಳತೆಗಳ ತಪ್ಪು ವಿಕಲೆಯ ಲಕ್ಷದ ಕೆಲವೇ ಭಾಗ. ಸೂರ್ಯನ ಬಾಗನ್ನು ಕಳೆಯದೆ ಅಲ್ಲಿ ನಕ್ಷತ್ರದ ಸ್ಥಾನ ಬರೆಯುವ ಹಾಗೇ ಇಲ್ಲ. 2000ದಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಸಾಪೇಕ್ಷತಾ ಸಿದ್ಧಾಂತಕ್ಕೆ ಒಪ್ಪುವ ಎರಡು ಚೌಕಟ್ಟುಗಳನ್ನು ಗೊತ್ತುಮಾಡಿತು. ಒಂದರ ಮೂಲಬಿಂದು ಭೂಮಿಯ ಕೇಂದ್ರ. ಇನ್ನೊಂದರದು ಇಡೀ ಸೌರಮಂಡಲದ ದ್ರವ್ಯರಾಶಿಯ ಕೇಂದ್ರ. ಗುರುಗ್ರಹದ ಸೆಳೆತದಿಂದ ಆ ಬಿಂದು ಎಷ್ಟೋ ಸಲ ಸೂರ್ಯನ ಮೈಯಿಂದಲೇ ಹೊರಗಿರುತ್ತದೆ. ದಿಕ್ಕುಗಳನ್ನು ನೆಟ್ಟಿರುವುದು ಅತಿ ದೂರದ ಗೆಲಾಕ್ಸಿಗಳ ಹೊಳೆವ ನಡುಭಾಗಗಳಾದ ಕ್ವೇಸಾರ್‌ಗಳಿಗೆ.

ಆ ಎರಡು ಚೌಕಟ್ಟುಗಳಿಗೂ ಬೇರೆ ಬೇರೆ ಕಾಲ. ಸೂರ್ಯನ ಗುರುತ್ವದೊಳಗೆ, ಓಡುತ್ತಲೇ ಇರುವ ನಮ್ಮ ಗಡಿಯಾರ ಸೌರಮಂಡಲದ ಕಾಲಕ್ಕಿಂತ ವರ್ಷಕ್ಕೆ ಸುಮಾರು ಅರ್ಧ ಸೆಕೆಂಡು ಹಿಂದೆ ಬೀಳುತ್ತದೆ. 1977ರ ಜನವರಿ 1ರಂದು ಎರಡೂ ಒಂದೇ ಆಗಿದ್ದವೆಂದು ಹಿಡಿದು ಎಣಿಸುತ್ತಾರೆ; ಅಂತರ ಈಗ 20 ಸೆಕೆಂಡು ಮೀರಿದೆ. ಎಣಿಕೆಗೆ ಮೊದಲನ್ನು ಆರಿಸಿಕೊಳ್ಳುವುದು ಈ ನೆಲಕ್ಕೆ ಹೊಸದಲ್ಲ. 1112ರಲ್ಲಿ ಈ ಗುಡಿ ಕಟ್ಟಿಸಿದ ಮಹಾದೇವ ದಂಡನಾಯಕನ ದೊರೆ ಆರನೆಯ ವಿಕ್ರಮಾದಿತ್ಯ, 1076ರಿಂದ ತನ್ನದೇ ಚಾಳುಕ್ಯ ವಿಕ್ರಮ ಶಕೆ ನಡೆಸಿದವನು.

ಜೇಬಿನ ಫೋನು ತೆಗೆಯಿರಿ. ನೀಲಿ ಚುಕ್ಕೆ ನಿಮ್ಮನ್ನು ಗುಡಿಯ ಅಂಗಳದಲ್ಲೇ ತೋರಿಸುತ್ತಿದೆ. ಜಿಪಿಎಸ್ ಉಪಗ್ರಹದ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ 38 ಮೈಕ್ರೊಸೆಕೆಂಡು ಮುಂದೋಡುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ದಿನದೊಳಗೆ ಹತ್ತು ಕಿಲೋಮೀಟರಿನಷ್ಟು ಅಳತೆ ತಪ್ಪುತ್ತಿತ್ತು. ಜಿಪಿಎಸ್ಸಿನಂತೆಯೇ ಜಾಗ ತೋರಿಸುವ ನಮ್ಮ ನಾವಿಕ್ ಉಪಗ್ರಹಗಳ ಕಾಲವನ್ನು ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿ ಕಾಯುತ್ತಾರೆ.

ಸೌರಮಂಡಲದ ಆ ಕೇಂದ್ರವೂ ನಿಂತಲ್ಲಿ ನಿಂತಿಲ್ಲ. ಆಕಾಶಗಂಗೆಯ ನಡುವನ್ನು ಸುತ್ತುತ್ತ ಅದರ ಓಟವೂ ಬಾಗುತ್ತಿದೆ. ಅದರಿಂದ ಕ್ವೇಸಾರ್‌ಗಳು ವರ್ಷಕ್ಕೆ ವಿಕಲೆಯ ಹತ್ತು ಲಕ್ಷದ ಐದು ಭಾಗದಷ್ಟು ಸರಿದಂತೆ ಕಾಣುತ್ತವೆ. ಅದನ್ನೂ ಗಾಯಾ ಅಳೆದಿದೆ. 2019ರಿಂದ ಬಳಕೆಯಲ್ಲಿರುವ ಕ್ವೇಸಾರ್ ಚೌಕಟ್ಟು ಆ ಸರಿತವನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ಸಿದ್ಧವಾಗಿದೆ.