ಫಾರಂ ಬೇಡವೆಂದದ್ದು ಕನ್ನಡವನ್ನಲ್ಲ



ಮೊನ್ನೆ ರಾತ್ರಿ ಗಣಪತಿಯಲ್ಲಿರುವ ನಮ್ಮ ಮನೆಗೆ ಒಬ್ಬ ತಂದೆ ಲೇತ್ ವರ್ಕ್‌ಶಾಪಿನಿಂದ ನೇರವಾಗಿ ಬಂದರು. ಮಗಳ ಶಾಲಾ ಪ್ರವೇಶದ ಆನ್‌ಲೈನ್ ಅರ್ಜಿಗೆ ಮರುದಿನವೇ ಕಡೆಯ ದಿನ. ಜನನ ಪ್ರಮಾಣಪತ್ರವನ್ನು ಅಪ್‌ಲೋಡ್ ಮಾಡಿದಾಗಲೆಲ್ಲ ‘ಇನ್‌ವ್ಯಾಲಿಡ್ ಫೈಲ್’ ಎಂದು ಕೆಂಪಕ್ಷರ ಬರುತ್ತಿತ್ತು. “ಸಾರ್, ಇದಕ್ಕೆ ಕನ್ನಡವೇ ಆಗುವುದಿಲ್ಲ. ಮಾತೃಭಾಷೆ ತಮಿಳು ಅಂತ ಹಾಕಿಬಿಡಲಾ?” ಎಂದರು.

ನನ್ನ ಎದೆ ಧಸಕ್ಕೆಂದಿತು. ತಮಿಳನ್ನು ನಮ್ಮ ಮಕ್ಕಳು ಚೆನ್ನಾಗಿಯೇ ಕಲಿಯಲಿ, ಅದು ನಮಗೆ ಅನ್ನವಿಕ್ಕುವ ನಾಡಿನ ನುಡಿ. ಆದರೆ 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಲು ರಾಜ್ಯಗಳು ಯತ್ನಿಸಬೇಕೆನ್ನುತ್ತದೆ. ಅದನ್ನು ಕೇಳಬೇಕಾದರೆ ಮಗುವಿನ ಮಾತೃಭಾಷೆ ಕನ್ನಡವೆಂದು ಮೊದಲು ದಾಖಲೆಯಲ್ಲಿರಬೇಡವೇ?

ಮೊಬೈಲ್ ನೋಡಿದೆ. ಅವರು ಅಭಿಮಾನದಿಂದ ಫೈಲಿಗೆ ಕನ್ನಡದಲ್ಲೇ ಉದ್ದನೆಯ ಹೆಸರಿಟ್ಟಿದ್ದರು. ಯುಟಿಎಫ್-8 ಎಂಬ ಸಂಕೇತಕ್ರಮದಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್ ಬೇಕು. ‘ಕನ್ನಡ’ ಎಂಬ ಪದ, ಒತ್ತಿನ ವಿರಾಮ ಚಿಹ್ನೆಯೂ ಸೇರಿ, 5 ಚಿಹ್ನೆ, 15 ಬೈಟ್. ವೆಬ್ ವಿಳಾಸದೊಳಗೆ ಹೋದರೆ ಅದೇ 45 ಅಕ್ಷರವಾಗಿ ಹಿಗ್ಗುತ್ತದೆ. ಎಷ್ಟೋ ಫಾರಂಗಳು ಹೆಸರಿನಲ್ಲಿ ರೋಮನ್ ಅಕ್ಷರ ಮತ್ತು ಅಂಕಿಗಳನ್ನಷ್ಟೇ ಒಪ್ಪುವಂತೆ ಬರೆಯಲ್ಪಟ್ಟಿವೆ. ತಮಿಳಿನಲ್ಲಿ ಹೆಸರಿಟ್ಟಿದ್ದರೂ ಅದೇ ಗತಿ.

ರೋಮನ್ ಲಿಪಿಯಲ್ಲಿ ಚಿಕ್ಕ ಹೆಸರಿಟ್ಟೆವು. ಮತ್ತೆ ಕೆಂಪಕ್ಷರ! ಈ ಬಾರಿ ಗಾತ್ರದ ತಕರಾರು: ಫೋಟೊ 4 ಎಂಬಿ, ಮಿತಿ 200 ಕೆಬಿ. ಸುತ್ತಲಿನ ಮೇಜನ್ನು ಕತ್ತರಿಸಿ ತೆಗೆದು, ಅಳತೆ ಕುಗ್ಗಿಸಿ, ಜೆಪಿಜಿಯಾಗಿ ಉಳಿಸಿದೆವು. ಕುಗ್ಗಿಸಿದ ಮೇಲೆ ದೊಡ್ಡದು ಮಾಡಿ ನೋಂದಣಿ ಸಂಖ್ಯೆ ಓದಲು ಬರುತ್ತದೆಯೇ ಎಂದು ನೋಡಿರಿ. ಮಸುಕಾದ ಪತ್ರವನ್ನು ಯಂತ್ರ ಒಪ್ಪಿದರೂ ಗುಮಾಸ್ತರು ಒಪ್ಪರು. ಐಫೋನಿನ ಹೆಚ್‌ಇಐಸಿ ಚಿತ್ರವಾದರೆ ಹೆಸರಿನ ಬಾಲವನ್ನಷ್ಟೇ ಜೆಪಿಜಿ ಎಂದು ತಿದ್ದಿ ಫಲವಿಲ್ಲ. ಅದು ಗಣಿತದ ಪುಸ್ತಕಕ್ಕೆ ಕನ್ನಡ ಪಠ್ಯದ ರಟ್ಟು ಹಾಕಿದಂತೆ. ನಿಜವಾಗಿಯೇ ಪರಿವರ್ತಿಸಬೇಕು.

ಇಷ್ಟರಲ್ಲಿ ಬಹಳ ಹೊತ್ತು ಸುಮ್ಮನಿದ್ದುದರಿಂದ ಲಾಗಿನ್ ಕಡಿದುಹೋಯಿತು. ಆದ್ದರಿಂದ ಪತ್ರಗಳನ್ನೆಲ್ಲ ಮೊದಲೇ ಸಿದ್ಧಪಡಿಸಿಕೊಂಡು ಅನಂತರವೇ ಫಾರಂ ತೆರೆಯಿರಿ.

ಎರಡನೆಯ ಸಲ ತುಂಬಿ, ಪ್ರಮಾಣಪತ್ರವೂ ಏರಿ, ಇನ್ನೇನು ಸಲ್ಲಿಸಬೇಕು ಎನ್ನುವಾಗ ಅವರ ಕೈ ಹಿಡಿದೆ. ಪುಟ ಹೊಸದಾಗಿ ತೆರೆದಿತ್ತಲ್ಲ, ಮಾತೃಭಾಷೆಯ ಕಲಂ ತನ್ನಷ್ಟಕ್ಕೆ ‘ತಮಿಳು’ ಎಂದಾಗಿತ್ತು. ಅವರೇ ಪಟ್ಟಿಯನ್ನಿಳಿಸಿ ಕನ್ನಡವನ್ನು ಆರಿಸಿದರು. ಸ್ವೀಕೃತಿ ಪತ್ರ ಬಂದಾಗ ಮೊದಲು ಓದಿದ್ದು ಮಗಳ ಹೆಸರನ್ನಲ್ಲ, ಆ ಸಾಲನ್ನು.